ಕಣ್ಣು ಮುಚ್ಚಿ, ಕಿವಿ ತೆರೆದು

ದೊಡ್ಡವರಿಗೆ ಪ್ರಾರ್ಥನೆ ಕಲಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ನನ್ನ ಭಕ್ತಿ ನೋಡಿ ಅಲ್ಲ, ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಎಂದು. ಚಳ್ಳಕೆರೆಯ ನಮ್ಮ ಕ್ರೈಸ್ತ ಸಭೆಯಲ್ಲಿ ಭಾನುವಾರದ ಆರಾಧನೆ ಮುಗಿದ ಮೇಲೆ ಮಕ್ಕಳಿಗೆ ಒಂದು ಕಡೆ, ದೊಡ್ಡವರಿಗೆ ಹಿಂದಿನ ಶೀಟಿನ ಕೋಣೆಯಲ್ಲಿ ಸಂಡೇ ಸ್ಕೂಲ್ ನಡೆಯುತ್ತಿತ್ತು. ದೊಡ್ಡವರ ತರಗತಿ ನೋಡಿಕೊಳ್ಳುತ್ತಿದ್ದ ನಿವೃತ್ತ ಪೋಸ್ಟ್ ಮಾಸ್ಟರ್ ಮೊಮ್ಮಕ್ಕಳ ಜೊತೆ ಇರಲು ದಾವಣಗೆರೆಗೆ ಹೊರಟುಹೋದರು. ಪಾಸ್ಟರಿಗೆ ಬೇರೆ ಊರುಗಳ ಸಭೆಗಳೂ ಇದ್ದವು. ಇಲ್ಲಿ ಆಶೀರ್ವಾದ ಮುಗಿಸಿ ಬೈಕ್ ಹತ್ತಿದರೆ ಇನ್ನೊಂದು ಊರಿನ ಮೊದಲ ಕೀರ್ತನೆಗೆ ತಲುಪಬೇಕು. ಹಾಗಾಗಿ ಅವರು ಹೆಲ್ಮೆಟ್ ಹಾಕಿಕೊಳ್ಳುತ್ತಲೇ ನನಗೆ ಆ ಕೆಲಸ ಒಪ್ಪಿಸಿದರು.

"ಟೀಚರಮ್ಮ, ನೀವೇ ನಡೆಸ್ರಿ. ಪಾಠದ ಪುಸ್ತಕ ಐತೆ, ಓದಿ ಹೇಳಿದ್ರೆ ಆತು. ನೀವು ಕನ್ನಡದೋರು."

ಆ ಪುಸ್ತಕದ ಕನ್ನಡ ಓದಿದರೆ ನನ್ನ ಶಾಲೆಯ ಹುಡುಗರ ಉತ್ತರಪತ್ರಿಕೆಯೇ ವಾಸಿ ಅನಿಸುತ್ತಿತ್ತು. ವಿಷಯ, ಪ್ರಾರ್ಥನೆ ಮತ್ತು ಕ್ರೈಸ್ತ ಜೀವಿತ. ಒಟ್ಟು ಸಾರಾಂಶವೆಂದರೆ, ಪರಲೋಕದ ಉಗ್ರಾಣಕ್ಕೆ ಒಂದು ಬೀಗವಿದೆ, ಪ್ರಾರ್ಥನೆ ಅದರ ಕೀಲಿಕೈ, ಸರಿಯಾದ ಕಡೆಗೆ ತಿರುಗಿಸಿದರೆ ಕೆಲಸ, ಸಂತಾನ, ಸ್ವಂತ ಮನೆ ಎಲ್ಲ ದಡದಡನೆ ಹೊರಗೆ ಉರುಳುತ್ತವೆ. ಎರಡನೆಯ ವಾರಕ್ಕೇ ನಾನು ಅದನ್ನು ಕಪಾಟಿನಲ್ಲಿಟ್ಟೆ. ಯಾರೂ ಅದು ಎಲ್ಲಿ ಎಂದು ಕೇಳಲಿಲ್ಲ.

ನನಗೆ ಗೊತ್ತಿದ್ದ ಪ್ರಾರ್ಥನೆ ನನ್ನ ಅಪ್ಪನದು. ಅಪ್ಪ ಹಳ್ಳಿಗಳಲ್ಲಿ ಸುವಾರ್ತೆ ಸಾರುವ ಉಪದೇಶಿಯಾಗಿದ್ದ. ಬೆಳಗ್ಗೆ ಎದ್ದು ಹಿತ್ತಿಲ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಒಳಗೆ ಏನು ಹೇಳುತ್ತಿದ್ದ ಎಂದು ಅವ್ವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಾಗಲಿಲ್ಲ. ಹೊರಗೆ ಬಂದವನು ಟವೆಲ್ಲಿನಿಂದ ಮುಖ ಒರೆಸಿಕೊಂಡು ಎಮ್ಮೆ ಬಿಚ್ಚುತ್ತಿದ್ದ. ಇಷ್ಟನ್ನು ಕಂಡು ಬೆಳೆದ ನಾನು ಆ ಶೀಟಿನ ಕೋಣೆಯಲ್ಲಿ ಕಂಡದ್ದನ್ನು ಪ್ರಾರ್ಥನೆ ಎಂದು ಕರೆಯಲು ಇವತ್ತಿಗೂ ಒಪ್ಪುವುದಿಲ್ಲ.

ತರಗತಿಗೆ ಬರುತ್ತಿದ್ದವರು ಮೂವತ್ತು ದಾಟಿದವರು, ಅರವತ್ತು ದಾಟಿದವರು. ಅವರಿಗೆ ದೇವರ ಬಗ್ಗೆ ತಿಳಿಯಬೇಕಾಗಿದ್ದದ್ದು ಒಂದೇ ಸಂಗತಿ, ಆತ ಯಾವಾಗ ಕೊಡುತ್ತಾನೆ. "ಬೆಳಗ್ಗೆ ಮಾಡಿದ್ರೆ ಒಳ್ಳೇದಾ, ಸಂಜೆ ಮಾಡಿದ್ರೆ ಒಳ್ಳೇದಾ?" ಎಂದು ಒಬ್ಬಾಕೆ, ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಮೆಡಿಕಲ್ ಶಾಪಿನಲ್ಲಿ ಕೇಳುವ ಹಾಗೆ ಕೇಳಿದಳು. ಇನ್ನೊಬ್ಬನಿಗೆ ತನ್ನ ಅಳಿಯನಿಗೆ ಕುದಾಪುರದ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ ಕೆಲಸ ಸಿಗಬೇಕಿತ್ತು. ಹುಲ್ಲುಗಾವಲಿನ ನಡುವೆ ಬೇಲಿ ಹಾಕಿಕೊಂಡು ಕೂತ ಆ ದೊಡ್ಡ ಕಟ್ಟಡಗಳ ಒಳಗೆ ಯಾವುದಾದರೂ ಸರಿ, ಗೇಟು ಕಾಯುವುದಾದರೂ ಸರಿ. "ಉಪವಾಸ ಇದ್ದು ಮಾಡಿದ್ರೆ ಬೇಗ ಆಗತೈತಾ ಟೀಚರಮ್ಮ?" ಎಂದ. ಅರ್ಜಿ ಹಾಕಿದ್ದಾನಾ ಎಂದು ಕೇಳಿದೆ. ಹಾಕಿರಲಿಲ್ಲ. ಅರ್ಜಿ ಹಾಕುವ ಕೆಲಸವನ್ನೂ ದೇವರಿಗೇ ಬಿಟ್ಟಿದ್ದರು.

ಇವರನ್ನೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದೆ ಹೋದದ್ದು ಸಭೆಯ ಹಿರಿಯರೊಬ್ಬರನ್ನು.

ಹಿರಿಯರು ಎಂದರೆ ವಯಸ್ಸಿನಿಂದಲ್ಲ, ಪದವಿಯಿಂದ. ಬೆಂಗಳೂರು ರಸ್ತೆಯ ಕಡೆ ಅವರದೊಂದು ಎಣ್ಣೆ ಮಿಲ್. ಎಷ್ಟು ಬೆಳ್ಳಗಿನ ಅಂಗಿ ತೊಟ್ಟು ಬಂದರೂ ಮೈಯಿಂದ ಕಡ್ಲೆಕಾಯಿ ಹಿಂಡಿಯ ವಾಸನೆ ಹೋಗುತ್ತಿರಲಿಲ್ಲ. ಆ ವಾಸನೆಯ ಮೇಲೆ ನನಗೆ ದೂರಿಲ್ಲ, ಅದು ದುಡಿಮೆಯ ವಾಸನೆ. ನನ್ನ ದೂರು ಅವರ ಬಾಯಿಯ ಮೇಲೆ. ಪ್ರತಿ ತರಗತಿಯ ಕೊನೆಗೆ ಮುಕ್ತಾಯದ ಪ್ರಾರ್ಥನೆ ಅವರದೇ. ಪೋಸ್ಟ್ ಮಾಸ್ಟರರ ಕಾಲದಿಂದ ಬಂದ ಪದ್ಧತಿ. ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು, ಎರಡೂ ಕೈ ಚಾಚಿ, ಲೋಕದ ಸೃಷ್ಟಿಯಿಂದ ಶುರು ಮಾಡುತ್ತಿದ್ದರು. ಸಮುದ್ರ, ಮರುಭೂಮಿ ಎಲ್ಲ ದಾಟಿಕೊಂಡು ಚಳ್ಳಕೆರೆ ತಲುಪುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಯಾರಾದರೂ ತೂಕಡಿಸಿರುತ್ತಿದ್ದರು. ಚಳ್ಳಕೆರೆಗೆ ಬಂದ ಮೇಲೆ ಮಾತ್ರ ಎಲ್ಲರೂ ಎಚ್ಚರ. ಏಕೆಂದರೆ ಅಲ್ಲಿಂದ ಮುಂದೆ ಅವರು ಒಬ್ಬೊಬ್ಬರ ಮನೆಯೊಳಗೆ ನುಗ್ಗುತ್ತಿದ್ದರು.

"ನೀನು ಬಲ್ಲೆ ಕರ್ತನೇ," ಎಂದು ಎತ್ತಿಕೊಳ್ಳುತ್ತಿದ್ದರು. "ನಮ್ಮ ಸಹೋದರಿಯ ತಮ್ಮ ಕುಡಿತದ ಬಂಧನದಲ್ಲಿ ಬಿದ್ದು ಮೊನ್ನೆ ಬಸ್ ಸ್ಟ್ಯಾಂಡಿನ ಮುಂದೆ ಮಲಗಿದ್ದನ್ನು ನೀನು ಬಲ್ಲೆ."

ಆ ಸಹೋದರಿ ಸರ್ಕಾರಿ ಆಸ್ಪತ್ರೆಯ ನರ್ಸ್. ನನ್ನ ಪಕ್ಕದಲ್ಲೇ ಕೂತಿದ್ದಳು. ಅವಳ ತಮ್ಮ ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿದ್ದನ್ನು ಅಲ್ಲಿಯವರೆಗೆ ದೇವರು ಬಲ್ಲವನಾಗಿದ್ದ, ಹಿರಿಯರು ಬಲ್ಲವರಾಗಿದ್ದರು. ಆಮೇಲೆ ನಾವೆಲ್ಲ ಬಲ್ಲವರಾದೆವು. ಇನ್ನೊಬ್ಬರ ಮೂಲವ್ಯಾಧಿ, ಮತ್ತೊಬ್ಬರ ಮನೆಯ ಅಣ್ಣತಮ್ಮಂದಿರ ಜಗಳ, ಸೊಸೆ ಬಸಿರಾಗದಿರುವುದು, ಎಲ್ಲ ಇದೇ ದಾರಿಯಲ್ಲಿ ಹೊರಗೆ ಬರುತ್ತಿದ್ದವು. ಕಟ್ಟೆಯ ಮೇಲೆ ಕೂತು ಇಷ್ಟನ್ನೇ ಆಡಿದರೆ ಚಾಡಿ ಎನ್ನುತ್ತಾರೆ. ಕಣ್ಣು ಮುಚ್ಚಿ ಆಡಿದರೆ ಭಾರ ಹೊರುವುದು ಎನ್ನುತ್ತಾರೆ. ನಮ್ಮ ಜನ ಕಣ್ಣು ಬಿಗಿಯಾಗಿ ಮುಚ್ಚಿ ಕಿವಿ ಅಗಲವಾಗಿ ತೆರೆದು ಕೂತಿರುತ್ತಿದ್ದರು. ಆಮೆನ್ ಮುಗಿದು ಹಿರಿಯರ ಹೆಂಡತಿ ಫ್ಲಾಸ್ಕಿನಿಂದ ಚಹಾ ಬಗ್ಗಿಸುವಾಗ, ಮಂಡಕ್ಕಿ ಮೆಲ್ಲುತ್ತಾ, "ಪಾಪ, ಹೌದೇನ್ರಿ?" ಎಂದು ಅವರವರಲ್ಲೇ ಮುಂದುವರಿಸುತ್ತಿದ್ದರು.

ಆ ಹೆಂಡತಿಯ ದನಿಯನ್ನು ನಾವು ಯಾರೂ ಕೇಳಿರಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಕೀರ್ತನೆಗೆ ತುಟಿ ಆಡಿಸುತ್ತಿದ್ದರು. ಸಂಕೋಚದ ಹೆಂಗಸು ಎಂದುಕೊಂಡಿದ್ದೆವು. ಸಭೆಯಲ್ಲಿ ಅವರನ್ನು ಯಾರಾದರೂ ಹೊಗಳಿದರೆ ಅದು ಚಹಾಕ್ಕೆ.

ಮೊಳಕಾಲ್ಮೂರಿನಿಂದ ಒಬ್ಬ ತಾಯಿ ಬರುತ್ತಿದ್ದಳು. ಅಲ್ಲಿ ಅವರದು ರೇಷ್ಮೆ ಸೀರೆ ನೇಯುವ ಮನೆ. ಗಂಡ ತೀರಿಕೊಂಡ ಮೇಲೂ ಮಗ್ಗ ನಿಲ್ಲಿಸಿರಲಿಲ್ಲ. ಆ ಊರಿನಲ್ಲಿ ನಮ್ಮ ಸಭೆಯವರು ಬೆರಳೆಣಿಕೆಯಷ್ಟು, ದೇವಾಲಯವಿಲ್ಲ. ತಿಂಗಳಿಗೊಮ್ಮೆ, ರೊಟ್ಟಿ ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಭಾನುವಾರ, ಮುಂಜಾನೆಯ ಬಸ್ಸು ಹತ್ತಿ, ಹಾನಗಲ್, ಬಿ.ಜಿ. ಕೆರೆ, ತಳಕು ದಾಟಿ ಬಂದು, ಆರಾಧನೆ ಮುಗಿಸಿ ನನ್ನ ತರಗತಿಯಲ್ಲೂ ಕೂರುತ್ತಿದ್ದಳು. ಅವಳಿಗೆ ಒಬ್ಬಳೇ ಮಗಳು. ಆ ಮಗಳನ್ನು ಬಳ್ಳಾರಿಯ ಒಂದು ಕ್ರೈಸ್ತ ಮನೆಗೆ ಮದುವೆ ಮಾಡಿ ಕೊಟ್ಟಿದ್ದಳು. ಸಂಬಂಧ ಕುದುರಿಸಿದವರು ಇದೇ ಹಿರಿಯರು. "ನಾನು ನೋಡಿ ಕೊಡಿಸಿದ ಮನೆ," ಎಂದು ಸಭೆಯಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದರು.

ಆ ಮನೆಯಲ್ಲಿ ಹುಡುಗಿಗೆ ಬೀಳುತ್ತಿದ್ದ ಏಟುಗಳ ಸಂಗತಿ ನನಗೆ ಗೊತ್ತಾದದ್ದು ತಡವಾಗಿ. ಮುಂಗೈ ಮುರಿದ ಮೇಲೆ ಅವಳು ಒಂದು ಬೆಳಗ್ಗೆ ಯಾರಿಗೂ ಹೇಳದೆ ಬಸ್ಸು ಹತ್ತಿ ರಾಯದುರ್ಗದ ಚಿಕ್ಕಮ್ಮನ ಮನೆ ಸೇರಿಕೊಂಡಳು. ತಾಯಿಯ ಮನೆಗೆ ಬಂದರೆ ಗಂಡ ಮೊದಲು ಹುಡುಕುವುದು ಅಲ್ಲೇ ಎಂದು ಹಾಗೆ ಮಾಡಿದ್ದು. ತಾಯಿ ಈ ವಿಷಯವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಒದ್ದಾಡಿ, ಕೊನೆಗೆ ಒಂದು ಭಾನುವಾರ ಆರಾಧನೆಗೆ ಮುಂಚೆ ಹಿರಿಯರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿಕೊಂಡು ಹೇಳಿದಳಂತೆ. ಸಂಬಂಧ ಮಾಡಿಸಿದವರು, ಅವರಿಗೆ ತಿಳಿದಿರಲಿ ಎಂದು. ಯಾರಿಗೂ ಬಾಯಿ ಬಿಡಬೇಡಿ, ಪ್ರಾರ್ಥನೆ ಮಾತ್ರ ಮಾಡಿ ಎಂದು ಕೈ ಮುಗಿದಳಂತೆ. ಅವರು ಅವಳ ತಲೆ ಮುಟ್ಟಿ ಆಗಲಿ ಎಂದರಂತೆ.

ಅವತ್ತು ನಾನು ತರಗತಿಯಲ್ಲಿ ಮಾತಾಡಿದ್ದು ತಾಳ್ಮೆಯ ಬಗ್ಗೆ. ಪಾಠ ಮುಗಿಯಿತು. ಹಿರಿಯರು ಎದ್ದರು. ಸೃಷ್ಟಿಯಿಂದ ಹೊರಟು ಎಂದಿಗಿಂತ ಬೇಗ ಚಳ್ಳಕೆರೆಗೆ ಬಂದರು.

"ನೀನು ಬಲ್ಲೆ ಕರ್ತನೇ. ಗಂಡನ ಮನೆಯ ಆಶೀರ್ವಾದವನ್ನು ಕಾಲಿನಿಂದ ಒದ್ದು, ರಾಯದುರ್ಗದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಅಡಗಿ ಕೂತಿರುವ ಈ ಮಗಳನ್ನು ನೀನು ಬಲ್ಲೆ. ಅವಳ ಮೊಂಡುತನವನ್ನು ಮುರಿ ತಂದೆಯೇ. ಗಂಡನ ಪಾದಕ್ಕೆ ಅವಳನ್ನು ತಿರುಗಿಸು."

ನಾನು ಕಣ್ಣು ಬಿಟ್ಟೆ. ಎದುರಿನ ಸಾಲಿನಲ್ಲಿ ಆ ತಾಯಿ ಕುರ್ಚಿಯ ಅಂಚನ್ನು ಹಿಡಿದು ಕೂತಿದ್ದಳು. ಸುತ್ತಲೂ ಎಲ್ಲರೂ, "ಹೌದು ಕರ್ತನೇ, ಸ್ತೋತ್ರ ಕರ್ತನೇ," ಎನ್ನುತ್ತಿದ್ದರು. ಒಂದು ಹುಡುಗಿಯ ಮೊಂಡುತನ ಮುರಿಯಲಿ ಎಂದು ಇಷ್ಟು ಸೊಗಸಾಗಿ ಸ್ತೋತ್ರ ಹಾಡಬಹುದೆಂದು ನನಗೆ ಅವತ್ತೇ ತಿಳಿದದ್ದು.

ಚಹಾ ಮುಟ್ಟದೆ ಅವಳು ಬಸ್ ಸ್ಟ್ಯಾಂಡಿಗೆ ಹೊರಟುಹೋದಳು. ನಾನು ಹಿರಿಯರನ್ನು ಬಾಗಿಲಲ್ಲೇ ತಡೆದೆ.

"ಆ ವಿಷಯ ಯಾರಿಗೂ ಹೇಳ್ಬ್ಯಾಡ್ರಿ ಅಂತ ಆಕೆ ನಿಮ್ಮನ್ನ ಕೇಳ್ಕೊಂಡಿರ್ಲಿಲ್ವಾ?"

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನಾನೇನು ಮನುಷ್ಯರ ಹತ್ರ ಹೇಳಿದ್ನೇನ್ರಿ? ದೇವರ ಹತ್ರ ಹೇಳ್ದೆ."

"ಅಷ್ಟು ಗಟ್ಟಿಯಾಗಿ?"

"ಪ್ರಾರ್ಥನೆ ಮಾಡೋವಾಗ ನನಗೆ ಪಕ್ಕದಾಗೆ ಯಾರಿದ್ದಾರೆ ಅನ್ನೋ ಧ್ಯಾಸನೇ ಇರಾಂಗಿಲ್ಲ ಟೀಚರಮ್ಮ. ಆತ್ಮ ನಡೆಸಿದಂಗೆ ನಡೀತೀನಿ."

ಆತ್ಮಕ್ಕೆ ರಾಯದುರ್ಗದ ವಿಳಾಸ ಬೇಕಿತ್ತೇ ಎಂದು ಕೇಳಬೇಕೆನಿಸಿತು. ಕೇಳುವಷ್ಟರಲ್ಲಿ ಕಾರು ಹತ್ತಿದ್ದರು. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಖಾಲಿ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದರು.

ಅದೇ ವಾರ ಬಳ್ಳಾರಿಯಿಂದ ಒಂದು ಜೀಪು ರಾಯದುರ್ಗಕ್ಕೆ ಹೋಯಿತು. ಗಂಡ, ಅವನ ದೊಡ್ಡಪ್ಪ, ಇನ್ನೊಬ್ಬ. ನೇರವಾಗಿ ಚಿಕ್ಕಮ್ಮನ ಮನೆ ಬಾಗಿಲಿಗೇ ಹೋಗಿ ನಿಂತರು. ಹುಡುಗಿ ಅಡುಗೆಮನೆಯ ಚಿಲಕ ಹಾಕಿಕೊಂಡಳು. ಚಿಕ್ಕಮ್ಮ ಬೀದಿಗೆ ಬಂದು ಕೂಗಿದಳು. ಆ ಬೀದಿಯ ಹೆಂಗಸರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು, "ಎವರು ಮೀರು? ಎಂದುಕೊಚ್ಚಾರು?" ಎಂದು, ಯಾರು ನೀವು, ಯಾಕೆ ಬಂದಿರಿ ಅಂತ ತೆಲುಗಿನಲ್ಲೇ ಕೇಳುತ್ತಾ ಸುತ್ತುಗಟ್ಟಿದರು. ಅವರಲ್ಲಿ ಒಬ್ಬಳೂ ನಮ್ಮ ಸಭೆಯವಳಲ್ಲ. ಒಬ್ಬಳಿಗೂ ಕ್ರೈಸ್ತ ಜೀವಿತದ ಪಾಠವಾಗಿರಲಿಲ್ಲ. ಗಂಡ ಬಾಗಿಲು ಒದ್ದು, ಪಡಸಾಲೆಯಲ್ಲಿದ್ದ ಹೊಲಿಗೆ ಮಿಷನ್ನನ್ನು ಬೀದಿಗೆ ಎಳೆದು ಬಿಸಾಕಿ, ಆ ಹೆಂಗಸರ ಬಾಯಿಗೆ ಹೆದರಿ ವಾಪಸ್ಸು ಹೋದ.

ತಾಯಿ ಫೋನ್ ಮಾಡಿ ಇಷ್ಟನ್ನು ಹೇಳಿದಳು. ಬೈಯಲಿಲ್ಲ, ಅಳಲಿಲ್ಲ. ಶನಿವಾರ ಬೆಳಗಿನ ಶಾಲೆ ಮುಗಿಸಿ ನಾನು ಮೊಳಕಾಲ್ಮೂರಿಗೆ ಹೋದೆ.

ಬಂಡೆಗುಡ್ಡದ ಕೆಳಗಿನ ಓಣಿಯಲ್ಲಿ ಅವರ ಮನೆ. ಹೊಸ್ತಿಲು ದಾಟಿದರೆ ಮಗ್ಗವೇ ಎದುರಾಗುತ್ತದೆ. ಮನುಷ್ಯರು ಅದರ ಸುತ್ತ ಉಳಿದ ಜಾಗದಲ್ಲಿ ಬದುಕುತ್ತಾರೆ. ತಾಯಿ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಮಗಳು ಗೋಡೆಗೊರಗಿ ಅಕ್ಕಿ ಆರಿಸುತ್ತಿದ್ದಳು. ಇನ್ನು ಅಡಗುವುದರಲ್ಲಿ ಅರ್ಥವಿಲ್ಲ ಎಂದು ತಾಯಿಯ ಮನೆಗೇ ಬಂದುಬಿಟ್ಟಿದ್ದಳು. ಮುಂಗೈ ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತ್ತು.

"ನಮ್ಮ ತರಗತಿಯಲ್ಲಿ ಆದ ಕೆಲಸ ಇದು," ಎಂದೆ. "ನನಗೆ ಬಾಳ ಬೇಜಾರಾಗೈತೆ."

"ನೀವೇನು ಮಾಡಿದ್ರಿ ಟೀಚರಮ್ಮ," ಎಂದು ತಾಯಿ ಲಾಳಿ ತಳ್ಳಿದಳು. "ಇನ್ಮ್ಯಾಲೆ ನಾನು ಯಾರ ಹತ್ರಾನೂ ಪ್ರಾರ್ಥನೆ ಮಾಡ್ರಿ ಅಂತ ಕೇಳಾಂಗಿಲ್ಲ. ಅದು ಮ್ಯಾಲಕ್ಕೆ ಹೋಗೋಕಿಂತ ಮುಂಚೆ ಬಳ್ಳಾರಿಗೆ ಹೋಗತೈತೆ."

ಮಗಳು ಅಕ್ಕಿಯಿಂದ ತಲೆ ಎತ್ತಲಿಲ್ಲ. "ನಮ್ಮವ್ವಂದು ಒಂದೇ ತಪ್ಪು. ದೇವರನ್ನ ಕೇಳಾಕೆ ಬಸ್ ಚಾರ್ಜ್ ಕೊಟ್ಟು ಚಳ್ಳಕೆರೆಗೆ ಹೋದ್ಲು. ಇಲ್ಲಿ ಇರ್ಲಿಲ್ವಾ ಅವ್ನು?"

"ಲೇ, ಸುಮ್ಕಿರು," ಎಂದಳು ತಾಯಿ. ಊಟಕ್ಕೆ ಮುದ್ದೆ, ಹುರುಳಿ ಸಾರು ಬಡಿಸಿದರು. ಉಂಡು ಎದ್ದು ಬಂದೆ.

ಚಳ್ಳಕೆರೆಗೆ ಬಂದು ಪಾಸ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಕಿವಿಯಲ್ಲಿದ್ದ ಫೋನಿನ ಯಂತ್ರವನ್ನು ತೆಗೆಯದೆ ಕೇಳಿಸಿಕೊಂಡರು. "ಹಿರಿಯರ ಉದ್ದೇಶ ಒಳ್ಳೇದೇ ಇತ್ತಲ್ಲ ಟೀಚರಮ್ಮ. ಕುಟುಂಬ ಒಡೀಬಾರ್ದು ಅಂತ. ನೀವು ಮುಂದಿನ ವಾರ ಕ್ಷಮೆ ಬಗ್ಗೆ ಒಂದು ಪಾಠ ಮಾಡಿಬಿಡ್ರಿ, ಎಲ್ಲ ಸರಿ ಹೋಗತೈತೆ." ಕೈ ಮುರಿಸಿಕೊಂಡವಳು ಕ್ಷಮಿಸಬೇಕು, ಮುರಿದವನ ಕಡೆಯವರು ಆಮೆನ್ ಎನ್ನಬೇಕು. ಪಾಸ್ಟರ್ ಎಂದರೆ ಕುರಿ ಕಾಯುವವನಂತೆ! ನಮ್ಮ ಊರಿನ ಸುತ್ತ ನಿಜವಾಗಿ ಕುರಿ ಕಾಯುವವರಿದ್ದಾರೆ. ತೋಳ ಬಂದಾಗ ಅವರು ತೋಳದ ಉದ್ದೇಶ ವಿಚಾರಿಸುವುದನ್ನು ನಾನು ಕಂಡಿಲ್ಲ.

ನಾನು ಕ್ಷಮೆಯ ಪಾಠ ಮಾಡಲಿಲ್ಲ. ಮುಂದಿನ ಭಾನುವಾರ ತರಗತಿಗೆ ಒಂದು ನಿಯಮ ಹೇಳಿದೆ. ಇನ್ನು ಇಲ್ಲಿ ಯಾರೂ ಬಾಯಿ ಬಿಟ್ಟು ಪ್ರಾರ್ಥಿಸುವುದಿಲ್ಲ. ಕೊನೆಯಲ್ಲಿ ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನೆ ಕೂರೋಣ. ಅವರವರ ಮಾತು ಅವರವರೊಳಗೇ ಇರಲಿ. ಎದುರಿನವರಿಗೆ ಕೇಳಿಸಬೇಕಾದ ಅಗತ್ಯವಿಲ್ಲ.

ಆ ಮೊದಲ ಮೌನ ನೋಡುವಂತಿತ್ತು. ಫ್ಯಾನಿನ ಕಿರುಗುಟ್ಟುವಿಕೆ, ಹೊರಗೆ ತರಕಾರಿ ಗಾಡಿಯವನ ಕೂಗು. ಒಬ್ಬ ಕೆಮ್ಮಿದ, ಅವನ ಹಿಂದೆ ಇನ್ನೊಬ್ಬ ಕೆಮ್ಮಿದ. ಇಷ್ಟು ವರ್ಷ ಪ್ರಾರ್ಥಿಸಿದವರಿಗೆ ದೇವರ ಜೊತೆ ಒಂಟಿಯಾಗಿ ಕೂರುವುದೆಂದರೆ ಪರಿಚಯವಿಲ್ಲದವರ ಮನೆಯ ಪಡಸಾಲೆಯಲ್ಲಿ ಕೂತಷ್ಟು ಮುಜುಗರ. ಹಿರಿಯರು ಕುರ್ಚಿಯಲ್ಲಿ ಹೊರಳಾಡಿದರು, ಗಂಟಲು ಸರಿ ಮಾಡಿಕೊಂಡರು.

"ಬಾಯೇ ಬಿಡದಂಗೆ ಹೆಂಗ್ರಿ?" ಎಂದರು ಮುಗಿದ ಮೇಲೆ. "ದೇವರಿಗೆ ಕೇಳ್ಸೋದು ಹೆಂಗೆ?"

"ಆತನಿಗೆ ಕಿವುಡಿಲ್ಲ ಹಿರಿಯರೇ."

ಅಲ್ಲಿಂದ ತರಗತಿ ಕರಗುತ್ತಾ ಹೋಯಿತು. ಒಬ್ಬರಿಗೆ ಮನೆಗೆ ನೆಂಟರು ಬಂದರು, ಒಬ್ಬರಿಗೆ ಮಂಡಿನೋವು. ಅಳಿಯನಿಗೆ ಕುದಾಪುರದ ಕೆಲಸ ಬೇಡುತ್ತಿದ್ದವನು ಬೇರೆ ಸಭೆಗೆ ಹೋಗತೊಡಗಿದ, ಅಲ್ಲಿ ಮೈಕ್ ಇತ್ತು. ಜನ ಇಷ್ಟು ದಿನ ಬರುತ್ತಿದ್ದದ್ದು ಪಾಠಕ್ಕೂ ಅಲ್ಲ, ದೇವರಿಗೂ ಅಲ್ಲ, ವಾರದ ಸುದ್ದಿಗೆ. ಸುದ್ದಿ ನಿಂತಿತು, ಭಕ್ತಿಯೂ ನಿಂತಿತು. ಉಳಿದವರು ನರ್ಸ್, ಇನ್ನಿಬ್ಬರು ಮುದುಕಿಯರು, ಮತ್ತು ಬಿಡದೆ ಬರುತ್ತಿದ್ದ ಹಿರಿಯರ ಹೆಂಡತಿ. ಮೌನದ ಹೊತ್ತಿನಲ್ಲಿ ಅವರೊಬ್ಬರೇ ಅಲುಗಾಡದೆ ಕೂರುತ್ತಿದ್ದರು. ಅಭ್ಯಾಸವಿದ್ದವರ ಹಾಗೆ.

ಮತ್ತೊಂದು ಪ್ರಭುಭೋಜನದ ಭಾನುವಾರ ಬಂತು. ಹಿರಿಯರು ಬೈಕ್ ಹತ್ತಬೇಕಿದ್ದ ಪಾಸ್ಟರನ್ನು ನಿಲ್ಲಿಸಿಕೊಂಡು ತರಗತಿಗೆ ಕರೆತಂದರು. ಬಿಟ್ಟುಹೋಗಿದ್ದವರನ್ನೆಲ್ಲ ಫೋನ್ ಮಾಡಿ ಸೇರಿಸಿದ್ದರು, ಕುರ್ಚಿ ಸಾಲದೆ ಕೆಲವರು ನಿಂತಿದ್ದರು. ಮೊಳಕಾಲ್ಮೂರಿನ ತಾಯಿ ಮಾತ್ರ ಬಂದಿರಲಿಲ್ಲ. ಪಾಸ್ಟರ್ ನಗುತ್ತಾ, "ಇವತ್ತು ಮೊದಲಿನಂಗೆ ಹಿರಿಯರು ಪ್ರಾರ್ಥನೆ ಮಾಡಿ ಎಲ್ಲರನ್ನೂ ಒಂದು ಮಾಡ್ತಾರೆ," ಎಂದು ನನ್ನ ಕಡೆ ನೋಡದೆ ಹೇಳಿದರು.

ಹಿರಿಯರು ಈ ಸಲ ಮೊಣಕಾಲೂರಿದರು. ಅವರು ಮೊಣಕಾಲೂರಿದರೆ ಎಲ್ಲರೂ ಊರಬೇಕು. ನಾನೂ ಊರಿದೆ.

"ನೀನು ಬಲ್ಲೆ ಕರ್ತನೇ," ಎಂದರು. "ಮದುವೆಯ ಭಾಗ್ಯವಿಲ್ಲದೆ ಒಂಟಿಯಾಗಿರುವ ನಮ್ಮ ಟೀಚರ್ ಸಹೋದರಿಯ ಮನಸ್ಸು ಕಹಿಯಾಗಿರುವುದನ್ನು ನೀನು ಬಲ್ಲೆ. ಸಂಸಾರದ ಮರ್ಮ ಅರಿಯದ ಆಕೆ ಗಂಡ ಹೆಂಡಿರ ನಡುವೆ ಬರುವುದನ್ನು ನೀನು ಬಲ್ಲೆ."

"ಹೌದು ಕರ್ತನೇ," ಎಂದರು ಸುತ್ತಲಿನ ಜನ. ಅಷ್ಟು ಜನರ ಮುಂದೆ ನನ್ನ ಬಟ್ಟೆ ಎಳೆದ ಹಾಗಾಯಿತು. ನರ್ಸ್, ಆ ತಾಯಿ, ಇಷ್ಟು ದಿನ ಹೇಗೆ ಕೂತಿದ್ದರೋ ಎಂದು ಮೈಯಲ್ಲೇ ತಿಳಿಯಿತು. ಎದ್ದು ಹೋಗಿಬಿಡಬೇಕೆಂದು ಕೈ ನೆಲಕ್ಕೆ ಊರಿದ್ದೆ. ಹಿರಿಯರು ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ನಿಲ್ಲಿಸಿದರು.

ಆ ಸಂದಿಯಲ್ಲಿ ಗೋಡೆಯ ಕಡೆಯಿಂದ ಒಂದು ದನಿ ಎದ್ದಿತು. ಯಾರದೆಂದು ಯಾರಿಗೂ ತಕ್ಷಣ ಗೊತ್ತಾಗಲಿಲ್ಲ.

"ಅಪ್ಪಾ, ನಾನೂ ಒಂದು ಮಾತು ಹೇಳ್ತೀನಿ."

ಹಿರಿಯರ ಹೆಂಡತಿ. ಸೆರಗು ಹೊದ್ದು, ಕಣ್ಣು ಮುಚ್ಚಿ, ಕೈ ಜೋಡಿಸಿಕೊಂಡೇ ಇದ್ದರು.

"ಅಪ್ಪಾ, ನಮ್ಮನೆಯೋರು ನಿನ್ನ ಹತ್ರ ಎಷ್ಟೊತ್ತು ಮಾತಾಡ್ತಾರೆ ಅಂತ ನಿಂಗೆ ಗೊತ್ತೈತೆ. ಮನ್ಯಾಗೆ ನನ್ನ ಹತ್ರ ಮಾತು ಬಿಟ್ಟು ಎಷ್ಟು ಕಾಲ ಆತು ಅಂತಾನೂ ಗೊತ್ತೈತೆ. ಊಟಕ್ಕೆ ಬಡಿಸು ಅನ್ನೋದನ್ನೂ ಕೆಲಸದೋಳ ಕೈಲಿ ಹೇಳಿಸ್ತಾರೆ. ಯಾಕೆ ಅಂತ ನಾನು ಕೇಳಿಲ್ಲ. ನೀನಾದ್ರೂ ಕೇಳು."

ಕೋಣೆಯಲ್ಲಿ ಒಬ್ಬರೂ "ಹೌದು ಕರ್ತನೇ" ಎನ್ನಲಿಲ್ಲ. ಹಿರಿಯರು ಕಣ್ಣು ಬಿಟ್ಟಿದ್ದರು. ಬಾಯಿ ತೆರೆದಿತ್ತು. ಆದರೆ ಪ್ರಾರ್ಥನೆಯ ನಡುವೆ ಯಾರೂ ತಡೆಯಬಾರದು ಎನ್ನುವುದು ಅವರೇ ಹೇರಿದ ಶಿಸ್ತು. ಆ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಬಾವಿಕಟ್ಟೆಯಲ್ಲಿ ಪಕ್ಕದ ಮನೆಯವಳ ಜೊತೆ ಮಾತಾಡುವ ದನಿ.

"ಆ ಮೊಳಕಾಲ್ಮೂರು ಹುಡುಗಿ ವಿಷಯ, ಅಪ್ಪಾ. ಇಲ್ಲಿ ಪ್ರಾರ್ಥನೆ ಮಾಡಿದ್ದಕ್ಕೆ ಗಂಡನಿಗೆ ಗೊತ್ತಾತು ಅಂತ ಟೀಚರಮ್ಮ ತಿಳ್ಕೊಂಡಾರೆ. ಅಲ್ಲ. ಅವತ್ತು ಮನೆಗೆ ಬಂದು ಇವ್ರೇ ಬಳ್ಳಾರಿಗೆ ಫೋನ್ ಮಾಡಿದ್ರು. ಚಿಕ್ಕಮ್ಮನ ಮನೆ ಯಾವ ಬೀದಿ ಅಂತ ಹೇಳಿದ್ರು. ಎಳ್ಕೊಂಡು ಹೋಗ್ರಿ, ನನ್ನ ಮರ್ಯಾದೆ ಪ್ರಶ್ನೆ ಅಂದ್ರು. ನಾನು ಅಡುಗೆಮನ್ಯಾಗೆ ಕೇಳಿಸ್ಕೊಂಡೆ. ಕೇಳಿಸ್ಕೊಂಡೂ ಆ ತಾಯಿಗೆ ಹೇಳಾಕೆ ನನ್ನ ಹತ್ರ ಆಕೆ ನಂಬರ್ ಇರ್ಲಿಲ್ಲ. ಆ ಹುಡುಗೀನ ಕಾಪಾಡಿದೆ, ಒಳ್ಳೇದಾತು. ಇಷ್ಟೇ ಅಪ್ಪಾ."

ಆಗ ಪಾಸ್ಟರ್, ವರ್ಷಗಳ ವೃತ್ತಿಯ ಅಭ್ಯಾಸದಿಂದ, ಮಾತು ನಿಂತದ್ದನ್ನಷ್ಟೇ ಗಮನಿಸಿ, "ಆಮೆನ್" ಎಂದುಬಿಟ್ಟರು. ಎಂದಮೇಲೆ ತಾನು ಯಾವುದಕ್ಕೆ ಆಮೆನ್ ಅಂದೆ ಎಂದು ಅವರಿಗೆ ಹೊಳೆದದ್ದು ಮುಖದ ಮೇಲೆ ಕಾಣಿಸಿತು. ನರ್ಸ್ ಗಟ್ಟಿಯಾಗಿ ಇನ್ನೊಂದು ಆಮೆನ್ ಹೇಳಿದಳು. ಆ ಎರಡನೆಯದು ಅಭ್ಯಾಸದ್ದಲ್ಲ.

ಇಲ್ಲಿಗೆ ಹಿರಿಯರು ಕುಸಿದು ಕೂತರು, ಪಶ್ಚಾತ್ತಾಪಪಟ್ಟರು ಎಂದು ಬರೆಯಬಹುದಿತ್ತು. ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುವವರು ಹಾಗೆಯೇ ಹೇಳುತ್ತಾರೆ. ನಡೆದದ್ದು ಬೇರೆ. ಅವರು ಪ್ಯಾಂಟಿನ ಮಂಡಿಯ ಧೂಳು ಒರೆಸಿಕೊಂಡು, "ಆಕೆಗೆ ಇತ್ತೀಚೆಗೆ ಬಿ.ಪಿ. ಜಾಸ್ತಿ ಆಗೈತೆ, ತಲೆ ಓಡಂಗಿಲ್ಲ," ಎಂದು ಪಾಸ್ಟರಿಗೆ ಹೇಳಿ ಹೆಂಡತಿಯನ್ನು ಕಾರಿಗೆ ಹತ್ತಿಸಿದರು. ಆ ವಾರ ಚಿತ್ರದುರ್ಗದ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ ನಿದ್ದೆ ಮಾತ್ರೆ ಬರೆಸಿಕೊಂಡು ಬಂದರು. ಅದರ ಮುಂದಿನ ಭಾನುವಾರ ದೊಡ್ಡ ಆರಾಧನೆಯಲ್ಲೇ ನಿಂತು ಹೆಂಡತಿಯ ಮನಸ್ಸಿನ ಸ್ವಸ್ಥತೆಗಾಗಿ ಪ್ರಾರ್ಥಿಸಿದರು. ಅಷ್ಟೂ ಜನ "ಹೌದು ಕರ್ತನೇ" ಎಂದರು. ಕಿವಿಯಾರೆ ಕೇಳಿದವರು, ಕೇಳಿದ್ದನ್ನು ನಂಬಿದವರು, ಚಹಾ ಕುಡಿಯುತ್ತಾ ಅದನ್ನೇ ಚಪ್ಪರಿಸಿದವರು, ಅವರೇ. ನನಗೆ ಹಿರಿಯರ ಮೇಲಿರುವ ತಾತ್ಸಾರಕ್ಕಿಂತ ಈ ಜನರ ಮೇಲಿರುವುದು ಹೆಚ್ಚು. ಹಿರಿಯರಿಗೆ ಮರ್ಯಾದೆ ಉಳಿಸಿಕೊಳ್ಳುವ ಗರಜಾದರೂ ಇತ್ತು. ಇವರಿಗೆ ಏನಿತ್ತು?

ದೊಡ್ಡವರ ತರಗತಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆ ಎಂದು ಪಾಸ್ಟರ್ ಪ್ರಕಟಣೆಯಲ್ಲಿ ಓದಿದರು. ಆ ತಾತ್ಕಾಲಿಕ ಇವತ್ತಿಗೂ ಮುಗಿದಿಲ್ಲ.

ಒಂದು ಸಂಜೆ ನಾನು ಶಾಲೆಯಿಂದ ಬಂದು ಕಾಲು ತೊಳೆಯುತ್ತಿದ್ದಾಗ ಆಟೋ ಒಂದು ಮನೆಯ ಮುಂದೆ ನಿಂತಿತು. ಹಿರಿಯರ ಹೆಂಡತಿ. ಮೊದಲ ಸಲ ನನ್ನ ಮನೆಗೆ ಬಂದದ್ದು. ಕುರ್ಚಿ ಬೇಡವೆಂದು ಚಾಪೆಯ ಮೇಲೆ ಕೂತರು. ಈ ಸಲ ಚಹಾ ನಾನು ಮಾಡಿಕೊಟ್ಟೆ. ಹೇಗಿದ್ದೀರಿ ಎಂದೆ.

"ಈಗ ಮಾತಾಡ್ತಾರೆ," ಎಂದರು.

ನನಗೆ ಸಂತೋಷವಾಯಿತು. "ಹೌದಾ ಅಮ್ಮಾರೆ?"

"ಬೈತಾರೆ. ಬೆಳಗ್ಗೆ ಎದ್ದ ಕೂಡ್ಲೆ ಶುರು. ಅದೂ ಮಾತೇ ಅಲ್ವಾ." ಚಹಾವನ್ನು ಊದಿಕೊಂಡು ಕುಡಿದರು. "ನಾನು ತಿರುಗಿ ಅಂತೀನಿ. ಅಷ್ಟು ಆಗೈತೆ."

ಬಿಟ್ಟು ಬನ್ನಿ ಎನ್ನುವ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಆ ವಯಸ್ಸಿನಲ್ಲಿ ಬರುವುದಾದರೂ ಎಲ್ಲಿಗೆ. ಅವರು ಸಲಹೆಗೆ ಬಂದವರೂ ಅಲ್ಲ. ಹೋಗುವಾಗ ಆ ತಾಯಿಯ ಫೋನ್ ನಂಬರ್ ಕೇಳಿ ತಮ್ಮ ಮೊಬೈಲಿನಲ್ಲಿ ನನ್ನಿಂದಲೇ ಹಾಕಿಸಿಕೊಂಡರು.

ನಾನು ಈಗ ತಿಂಗಳಿಗೆ ಒಂದೆರಡು ಭಾನುವಾರ ಮೊಳಕಾಲ್ಮೂರಿಗೆ ಹೋಗುತ್ತೇನೆ. ತಾಯಿಯ ಮನೆಯಲ್ಲಿ ಮಗ್ಗದ ಪಕ್ಕ ಉಳಿದ ಜಾಗದಲ್ಲಿ ನಾಲ್ಕಾರು ಹೆಂಗಸರು ಕೂರುತ್ತಾರೆ. ಅದನ್ನು ಯಾರೂ ಸಂಡೇ ಸ್ಕೂಲ್ ಎನ್ನುವುದಿಲ್ಲ, "ಟೀಚರಮ್ಮ ಬಂದಾರೆ" ಎನ್ನುತ್ತಾರೆ. ಇಲ್ಲಿ ದೇವತೆಗಳು ಕೂತಿದ್ದಾರೆ ಎಂದು ನಾನು ಹೇಳುವುದಿಲ್ಲ. ಇವರೂ ಬೇಡುವುದರಲ್ಲಿ ಕಡಿಮೆಯಿಲ್ಲ. ಒಬ್ಬಳಿಗೆ ತನ್ನ ಓರಗಿತ್ತಿಗೆ ಬುದ್ಧಿ ಬರಬೇಕು, ಇನ್ನೊಬ್ಬಳಿಗೆ ಓರಗಿತ್ತಿಗಿಂತ ಮೊದಲು ನಲ್ಲಿ ಬರಬೇಕು. ನಗು ಬಂದರೆ ನಗುತ್ತೇನೆ, ಅವರೂ ನಗುತ್ತಾರೆ. ಇಲ್ಲಿ ಪ್ರಾರ್ಥನೆಗೆ ಯಾರೂ ಕೈ ಚಾಚಿ ನಿಲ್ಲುವುದಿಲ್ಲ. ನಿಲ್ಲಲು ಜಾಗವಿಲ್ಲ.

ಮಗಳು ಗಂಡನ ಮನೆಗೆ ಹೋಗಲಿಲ್ಲ. ವಕೀಲರನ್ನು ಹಿಡಿದು ಕೇಸು ಹಾಕಿದ್ದಾಳೆ. ರಾಯದುರ್ಗದ ಚಿಕ್ಕಮ್ಮ ಮುರಿದ ಮಿಷನ್ನನ್ನು ರಿಪೇರಿ ಮಾಡಿಸಿ ಬಸ್ಸಿನ ಟಾಪಿನಲ್ಲಿ ಕಳಿಸಿಕೊಟ್ಟಳು. ಮಗಳು ಅದರಲ್ಲಿ ಸೀರೆ ಅಂಗಡಿಗಳವರಿಗೆ ರವಿಕೆ ಹೊಲಿದುಕೊಡುತ್ತಾಳೆ. ಸೊಟ್ಟಾದ ಕೈ ಕತ್ತರಿ ಹಿಡಿಯಲು ಮೊದಮೊದಲು ತಕರಾರು ಮಾಡುತ್ತಿತ್ತು, ಈಗ ಪಳಗಿದೆ.

ಮೊನ್ನೆಯ ಪಾಠ ವೈರಿಗಳ ಬಗ್ಗೆ. ಕ್ರೈಸ್ತ ಜೀವಿತದಲ್ಲಿ ಇದೊಂದನ್ನು ಎಷ್ಟು ದಿನ ಅಂತ ತಪ್ಪಿಸಿಕೊಳ್ಳುವುದು. ಪ್ರೀತಿಸಬೇಕೆಂದು ಹೇಳಿದೆ, ಹೇಳುವಾಗಲೇ ನನ್ನ ದನಿ ನನಗೇ ಪೊಳ್ಳಾಗಿ ಕೇಳಿಸಿತು. ಮಗಳು ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದಳು.

"ಪ್ರೀತ್ಸೋಣ ಬಿಡ್ರಿ," ಎಂದಳು. "ನಾನು ಇಲ್ಲಿ ಕುಂತು ಪ್ರೀತಿಸ್ತೀನಿ. ಅವ್ನು ಬಳ್ಳಾರ್ಯಾಗ ಕುಂತು ಪ್ರೀತಿಸ್ಕೊಳ್ಳಲಿ. ನಡುವೆ ಕೋರ್ಟು ಇರ್ಲಿ."

ಹೆಂಗಸರು ಬಿದ್ದು ಬಿದ್ದು ನಕ್ಕರು. ತಾಯಿ ಮಗ್ಗದ ಗುಂಡಿಯಿಂದಲೇ "ಲೇ" ಎಂದು ಗದರಿ, ತಾನೂ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಆ ಪಾಠವನ್ನು ಅಲ್ಲಿಗೇ ಬಿಟ್ಟೆ. ಬಿಸಿಲಿಳಿಯುವ ಮುಂಚೆ ಹಾನಗಲ್ ಕ್ರಾಸಿನಲ್ಲಿ ಬಳ್ಳಾರಿ ಕಡೆಯಿಂದ ಬರುವ ಚಳ್ಳಕೆರೆಯ ಬಸ್ಸು ಹಿಡಿಯಬೇಕಿತ್ತು.